ಬನಹಟ್ಟಿಯಿಂದ ಕೈ ಬೆಚ್ಚಗಿಟ್ಟುಕೊಂಡು ಬರುತ್ತಿದ್ದವರು

ಅವರು ತೀರಿಕೊಂಡದ್ದು ನಮಗೆ ಗೊತ್ತಾದದ್ದು ಮೂರು ದಿನ ಆದಮೇಲೆ. ಹಾಲಿನ ಡೇರಿಯಲ್ಲಿ ಯಾರೋ ಅಂದರಂತೆ, ಸೊಸೆ ಬಂದು ಹೇಳಿದಳು. ಮಣ್ಣಿಗೆ ಹೋಗಲಿಕ್ಕೂ ಆಗಲಿಲ್ಲ. ನಾನು ಅಳಲಿಲ್ಲ. ಎಮ್ಮೆ ಹಿಂಡುವ ಹೊತ್ತಾಗಿತ್ತು, ಹೋಗಿ ಹಿಂಡಿದೆ. ಅಷ್ಟು ವರ್ಷ ಚಳಿಯಲ್ಲಿ ಮೋಟರ್‌ಸೈಕಲ್ ಹೊಡೆದ ಮನುಷ್ಯ ಕಡೆಗೆ ಹೋದದ್ದು ಬಿರುಬೇಸಿಗೆಯಲ್ಲಿ, ತನ್ನ ಮನೆಯ ಮಂಚದ ಮೇಲೆ, ಫ್ಯಾನಿನ ಕೆಳಗೆ. ಅದನ್ನು ಕೇಳಿ ನನಗೆ ಸ್ವಲ್ಪ ನಗು ಬಂತು. ಬಂದದ್ದು ಬಂತು, ಯಾಕೆ ಮುಚ್ಚಿಡಲಿ.

ಸತ್ತವರ ಬಗ್ಗೆ ಬರೆಯುವವರು ದೇವರಂಥ ಮನುಷ್ಯ ಎಂದು ಬರೆಯುತ್ತಾರೆ. ಇವರು ದೇವರಂಥವರೇನಲ್ಲ. ಬಾಯಿ ಬಿರುಸು. ದನದ ಮನೆಯಲ್ಲಿ ಸಗಣಿ ಕಂಡರೆ ಮನೆಯ ಹೆಣ್ಣುಮಕ್ಕಳನ್ನು ಬೈದೇ ಒಳಗೆ ಕಾಲಿಡುತ್ತಿದ್ದರು. ಊಟಕ್ಕೆ ಕೂತರೆ ಮೂರನೇ ರೊಟ್ಟಿ ಮುಗಿಯುವ ತನಕ ಮಾತಿಲ್ಲ. ಯಾವುದನ್ನೂ ಛಲೋ ಐತಿ ಅಂದವರಲ್ಲ. ಬಹಳ ಅಂದರೆ "ನೋಡೂಣು" ಅನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ. ಬದುಕಿದ್ದರೆ ಅದಕ್ಕೂ ಬೈಯುತ್ತಿದ್ದರು.

ಅವರು ಸರಕಾರದ ದನದ ದವಾಖಾನೆಯವರು. ಎಮ್ಮೆ, ಆಕಳು ಬೆದೆಗೆ ಬಂದಾಗ ಗಬ್ಬ ನಿಲ್ಲಲಿಕ್ಕೆ ಸೂಜಿ ಹಾಕುವುದು ಅವರ ಕೆಲಸ. ಅದು ಸೂಜಿಯಲ್ಲ, ಮೊಳದುದ್ದದ ಸಣ್ಣ ಕೊಳವೆ. ಆದರೂ ನಮ್ಮ ಕಡೆ ಎಲ್ಲರೂ ಸೂಜಿ ಅಂತಲೇ ಅನ್ನುತ್ತಾರೆ. ಡಾಕ್ಟರ್ ಎಂದು ಕರೆದರೆ ಅವರಿಗೆ ಆಗುತ್ತಿರಲಿಲ್ಲ. "ನಾ ಡಾಕ್ಟರ ಅಲ್ರಿ. ಡಾಕ್ಟರಗ ಕುರ್ಚಿ ಇರತೈತಿ. ನನಗ ಇರೂದು ಗಾಡಿ ಸೀಟ ಅಷ್ಟ" ಅನ್ನುತ್ತಿದ್ದರು. ನಾವು ಡಾಕ್ಟರ್ ಅನ್ನುವುದನ್ನು ಬಿಡಲಿಲ್ಲ, ಅವರು ಅಲ್ಲ ಅನ್ನುವುದನ್ನು ಬಿಡಲಿಲ್ಲ.

ನಮ್ಮದು ತೋಟದ ಮನೆ. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆ ಬಿಟ್ಟು ಕಾಲುವೆಯ ದಂಡೆ ಹಿಡಿದು ಒಳಗೆ ಬರಬೇಕು. ಅವರ ಕೆಲಸ ನಮ್ಮ ಕಡೆ, ಮನೆ ಮಾತ್ರ ಬನಹಟ್ಟಿಯಲ್ಲಿ. ಹೆಂಡತಿ ಮಗ್ಗ ಬಿಟ್ಟು ಬರಲೊಲ್ಲಳು, ಇವರು ಹೆಂಡತಿಯನ್ನು ಬಿಟ್ಟು ಇರಲೊಲ್ಲರು. ಹಾಗಾಗಿ ದಿನಾ ಬನಹಟ್ಟಿಯಿಂದ ಜಮಖಂಡಿ, ಜಮಖಂಡಿಯಿಂದ ನಮ್ಮ ತೋಟಗಳು. ಉಳಿದ ಕಾಲದಲ್ಲಿ ಇದೇನೂ ದೊಡ್ಡ ಮಾತಲ್ಲ. ಆದರೆ ಎಮ್ಮೆಗಳು ಬೆದೆಗೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲೇ. ಸಂಜೆ ಬೆದೆ ಕಂಡರೆ ಮರುದಿನ ಮುಂಜಾನೆ ಸೂಜಿ ಬೀಳಬೇಕು. ಎಮ್ಮೆ ಚಳಿ ನೋಡುವುದಿಲ್ಲ, ರಜೆ ನೋಡುವುದಿಲ್ಲ. ದೀಪಾವಳಿ ಮುಗಿದ ಮೇಲಿಂದ ಸಂಕ್ರಾಂತಿ ದಾಟುವ ತನಕ ಅವರ ಬೆಳಗು ಗಾಡಿಯ ಮೇಲೆಯೇ ಆಗುತ್ತಿತ್ತು.

ಗಾಡಿಯ ಹಿಂದೆ ಒಂದು ಕ್ಯಾನು, ಟ್ಯೂಬಿನ ಪಟ್ಟಿಯಿಂದ ಬಿಗಿದದ್ದು. ಕೋಣದ, ಹೋರಿಯ ಬೀಜ ಕೆಡದಂತೆ ಇಡಲು ಅದರೊಳಗೆ ಹೊಗೆಯಾಡುವ ಒಂದು ನೀರು. ಅದರ ತಂಪು ಎಂಥದ್ದು ಅಂದರೆ ಬೆರಳು ಅದ್ದಿದರೆ ಬೆರಳೇ ಇಲ್ಲ. ಇವರು ದೂರದಿಂದ ಬರುವುದು ಕಂಡರೆ ನನ್ನ ಮಗ, "ಬಂದ್ರು ನೋಡ ಬೇ ಯವ್ವಾ, ಚಳಿ ಸಾಲದಂತ ಇನ್ನಷ್ಟು ಹೊತ್ಕೊಂಡ ಬರಾಕತ್ತಾರ" ಅನ್ನುತ್ತಿದ್ದ.

ನೋಡಲಿಕ್ಕೆ ಅದು ಮನುಷ್ಯ ಬಂದ ಹಾಗೆ ಇರುತ್ತಿರಲಿಲ್ಲ, ಬಟ್ಟೆಯ ಗಂಟು ಬಂದ ಹಾಗೆ ಇರುತ್ತಿತ್ತು. ನಮ್ಮ ಅಂಗಳದಲ್ಲಿ ಇಳಿದು ಒಂದೊಂದೇ ತೆಗೆಯುತ್ತಿದ್ದರು. ಮೊದಲು ಹೆಲ್ಮೆಟ್. ಅದರ ಕೆಳಗೆ ಕಿವಿಗೆ ಕಟ್ಟಿದ ಹಳೇ ಸೀರೆಯ ತುಂಡು, ಗಂಟು ಹಿಂದಕ್ಕೆ. ಮುಂದೆ ಗಂಟು ಹಾಕಿದರೆ ಗಾಳಿ ಗಂಟಿನೊಳಗಿಂದ ಗಂಟಲಿಗೆ ಬರುತ್ತದಂತೆ. ಆಮೇಲೆ ಜಾಕೀಟು. ಜಾಕೀಟಿನ ಕೆಳಗೆ ಹೆಂಡತಿ ಹೊಲಿದುಕೊಟ್ಟ ತೋಳಿಲ್ಲದ ಅಂಗಿ, ಎರಡು ಪದರಿನ ನಡುವೆ ಮಗ್ಗದಲ್ಲಿ ಉಳಿದ ನೂಲಿನ ಚೂರು ತುಂಬಿದ್ದು. ಅದರ ಕೆಳಗೆ ಪೇಪರು. ಎದೆಗೆ ಎರಡು ಹಾಳೆ, ಹೊಟ್ಟೆಗೆ ಒಂದು, ಮೊಣಕಾಲಿಗೆ ಸುತ್ತಿ ದಾರ ಕಟ್ಟಿದ್ದು ಒಂದೊಂದು. ನಡೆದರೆ ಚರಚರ ಸಪ್ಪಳ.

ಈ ಪೇಪರು ಎಲ್ಲ ಮಂದಿಯ ಮನೆಯವು. ಬೆವರಿಗೆ ಹಸಿಯಾದದ್ದನ್ನು ನಮ್ಮ ಒಲೆಗೆ ಹಾಕಿ, ಹೋಗುವಾಗ ನಮ್ಮ ಕಟ್ಟೆಯ ಮೇಲಿನದನ್ನು ಎತ್ತಿಕೊಳ್ಳುತ್ತಿದ್ದರು.

"ಅದು ಇವತ್ತಿಂದ ಐತ್ರಿ, ನಾ ಇನ್ನೂ ಓದಿಲ್ಲ" ಅಂದ ನನ್ನ ಮಗ ಒಮ್ಮೆ.

"ನೀವು ಓದಿ ಏನ್ ಮಾಡ್ತೀರಿ, ಮರೀತೀರಿ. ನಾ ಎದಿಗಿ ಹಚ್ಕೊಂಡ ಹೊಕ್ಕೇನಿ" ಅಂದು ಮಡಿಸಿ ಒಳಗೆ ಹಾಕಿಕೊಂಡರು.

ಚಳಿಯ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ, ಲೆಕ್ಕಾಚಾರ ಇತ್ತು. ಚಳಿ ಬೇರೆ, ಗಾಳಿ ಬೇರೆ ಅನ್ನುತ್ತಿದ್ದರು. ನಿಂತವನಿಗೆ ಹತ್ತುವುದು ಚಳಿ, ಗಾಡಿಯ ಮೇಲೆ ಕೂತವನಿಗೆ ಹತ್ತುವುದು ಗಾಳಿ. ಹೊರಗಿನ ಪದರು ಗಾಳಿ ತಡೆಯಬೇಕು, ಒಳಗಿನದು ಸಡಿಲ ಇರಬೇಕು. ಬಿಗಿಯಾದ ಬಟ್ಟೆ ಎಷ್ಟು ಹಾಕಿದರೂ ಚಳಿಯೇ. ಕಾಲಿಗೆ ಎರಡು ಜೋಡಿ ಚೀಲ ಹಾಕಿ ಬೂಟು ಬಿಗಿಯಾಯಿತು ಅಂದರೆ ಒಂದು ಜೋಡಿಗಿಂತ ಕಡೆ. ಖಾಲಿ ಹೊಟ್ಟೆಯಲ್ಲಿ ಗಾಡಿ ಹತ್ತಬಾರದು. ಬರೀ ಚಹಾ ಕುಡಿದು ಹೊರಡುವವರನ್ನು ಕಂಡರೆ ತಲೆ ಅಲ್ಲಾಡಿಸುತ್ತಿದ್ದರು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಎಣ್ಣೆ, ಅದನ್ನು ತಿಂದರೆ ಜಮಖಂಡಿ ದಾಟುವ ತನಕ ಮೈ ತನ್ನಷ್ಟಕ್ಕೆ ತಾನು ಕಾಯುತ್ತದೆ.

ದಾರಿಯ ಚಳಿಯೂ ಅವರಿಗೆ ತುಂಡುತುಂಡಾಗಿ ಗೊತ್ತಿತ್ತು. ಕಬ್ಬಿಗೆ ನೀರು ಬಿಟ್ಟ ಕಡೆ ಚಳಿ ಮೊಣಕಾಲಿಗೆ ಹೊಡೆಯುತ್ತದೆ, ಕಾಲುವೆ ದಾಟುವಾಗ ಎದೆಗೆ ಹೊಡೆಯುತ್ತದೆ, ಊರೊಳಗೆ ಹೊಕ್ಕರೆ ಗೋಡೆಗಳ ನಡುವೆ ಒಂದು ಹಿಡಿ ಬೆಚ್ಚಗೆ. ಅಲ್ಲೊಂದು ಬೆಲ್ಲದ ಗಾಣ ಇತ್ತು. ಒಲೆ ಉರಿಯುತ್ತಿದ್ದರೆ ನಿಂತು, ಬೆಂಕಿಗಲ್ಲ, ಒಲೆಯ ಹಿಂದಿನ ಗೋಡೆಗೆ ಬೆನ್ನು ಹಚ್ಚುತ್ತಿದ್ದರು. ಚಳಿಗೆ ಮರಗಟ್ಟಿ ಸತ್ತ ಕೈಯನ್ನು ಬೆಂಕಿಗೆ ಹಿಡಿದರೆ ಸುಟ್ಟದ್ದು ತಿಳಿಯುವುದಿಲ್ಲ, ಮೊದಲು ಬೆನ್ನು ಕಾಯಿಸಬೇಕು, ಬೆನ್ನಿನ ಬಿಸಿ ಕೈಗೆ ತಾನೇ ಹೋಗುತ್ತದೆ ಅನ್ನುವುದು ಅವರ ಮಾತು. ಗಾಡಿ ಹೊಡೆಯುತ್ತಲೇ ಆಗಾಗ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟದಿದ್ದರೆ ಗಾಡಿ ನಿಲ್ಲಿಸಿ ಕೈ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ಪಕ್ಕ ನಿಲ್ಲುವುದು. ಬಸ್ಸಿನ ಮಂದಿ ನೋಡಿ ನಗುತ್ತಿದ್ದರಂತೆ. ನಗಲಿ.

ಇಷ್ಟೆಲ್ಲ ಯಾಕೆ ಅಂದರೆ ಅವರ ಕೆಲಸ ಇದ್ದದ್ದೇ ಕೈಯಲ್ಲಿ. ಎಡಗೈಯನ್ನು ಎಮ್ಮೆಯೊಳಗೆ ಮೊಣಕೈ ತನಕ ಹಾಕಿ, ಗರ್ಭದ ಬಾಯಿ ಎಲ್ಲಿದೆ ಎಂದು ಬೆರಳಿನಲ್ಲೇ ಹುಡುಕಿ ಹಿಡಿಯಬೇಕು. ಕಣ್ಣಿಗೆ ಕಾಣುವ ಕೆಲಸವಲ್ಲ. ಬೆರಳು ಸತ್ತಿದ್ದರೆ ಹಾಕಿದ್ದು ಎಲ್ಲೋ ಬೀಳುತ್ತದೆ, ಎಮ್ಮೆ ಖಾಲಿ ಉಳಿಯುತ್ತದೆ. ಅದಕ್ಕೆ ಅವರು ಬಂದ ತಕ್ಷಣ ನನ್ನ ಮೊರದಿಂದ ಒಂದು ಜೋಳದ ಕಾಳು ಕೇಳುತ್ತಿದ್ದರು. ಕಣ್ಣು ಮುಚ್ಚಿ ಎಡಗೈಯಿಂದ ಅದನ್ನು ನೆಲದ ಮೇಲಿಂದ ಎತ್ತಬೇಕು, ಮೊಳಕೆ ಒಡೆಯುವ ತುದಿ ಯಾವ ಕಡೆ ಇದೆ ಎಂದು ಬೆರಳಿನಲ್ಲೇ ಹೇಳಬೇಕು. ಹೇಳಿದರೆ ಕೈ ತಯಾರು. ಇಲ್ಲದಿದ್ದರೆ ಇನ್ನೂ ಕಾಯುವುದು. ಮಂದಿ ಇದನ್ನು ಆಟ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ.

ಒಂದು ಚಳಿಗಾಲ ಬರುವ ಹೊತ್ತಿಗೆ ನಮ್ಮ ಒಂದು ಎಮ್ಮೆ ಗಬ್ಬ ನಿಲ್ಲದೆ ವರ್ಷ ಕಳೆದಿತ್ತು. ಹಾಲು ಬತ್ತಿತ್ತು. ನನ್ನ ಮಗ ಅದನ್ನು ದನದ ಮನೆಯಿಂದ ತೆಗೆದು ರಸ್ತೆ ಕಡೆಯ ಬೇವಿನ ಗಿಡಕ್ಕೆ ಕಟ್ಟಿದ್ದ, ಹೋಗಿಬರುವ ದಲಾಲರ ಕಣ್ಣಿಗೆ ಬೀಳಲಿ ಎಂದು. ಮಾರುವ ಎಮ್ಮೆಗೆ ಯಾಕೆ ಎಂದು, ಮೇವಿನ ಜೊತೆ ಹಾಕುವ ಹಿಂಡಿಯನ್ನು ಹಾಲು ಬತ್ತಿದಾಗಲೇ ನಿಲ್ಲಿಸಿದ್ದ. ಬರೀ ಕಬ್ಬಿನ ಸೋಗೆ. ಆ ಎಮ್ಮೆ ನನ್ನ ಕೈಯಲ್ಲಿ ಹುಟ್ಟಿದ್ದು. ನನ್ನನ್ನು ಬಿಟ್ಟು ಯಾರಿಗೂ ಹಿಂಡಗೊಡುತ್ತಿರಲಿಲ್ಲ. ವಯಸ್ಸೂ ಅಂಥದ್ದೇನಲ್ಲ, ಇನ್ನೂ ಮೂರು ಕರು ಹಾಕುವಷ್ಟಿತ್ತು. ಖಾಲಿ ಎಮ್ಮೆ ಸಂತೆಗೆ ಹೋದರೆ ಎಲ್ಲಿಗೆ ಹೋಗುತ್ತದೆ ಎಂದು ನಮಗೆಲ್ಲ ಗೊತ್ತು.

ಒಂದು ಸಂಜೆ ಅದು ಬೆದೆಗೆ ಬಂದು ಒರಲಿತು. ಮಗ ಫೋನ್ ಮಾಡಿದ. ಮರುದಿನ ಹೊತ್ತು ಹುಟ್ಟುವಾಗ ಬರಬೇಕಾದವರು ಬಿಸಿಲು ಅಂಗಳಕ್ಕೆ ಬಂದಮೇಲೆ ಬಂದರು. ಅಂದು ಕಬ್ಬಿನ ಮೇಲೆ ಮಂಜು ಬಿಳಿ ಬಟ್ಟೆ ಹಾಸಿದ ಹಾಗೆ ಬಿದ್ದಿತ್ತು. ಇಳಿದವರು ಹ್ಯಾಂಡಲ್ ಬಿಟ್ಟರೂ ಬೆರಳು ಬಿಡಲಿಲ್ಲ, ಹಿಡಿದ ಹಾಗೆಯೇ ಬಾಗಿ ನಿಂತಿದ್ದವು. ಕೈಗವಸು ಹಿಂಡಿದರೆ ನೀರು. ದಪ್ಪ ಗವಸು ಹಾಕಿದರೆ ಬ್ರೇಕು ಹಿಡಿಯಲು ಬರುವುದಿಲ್ಲ ಎಂದು ಅವರು ತೆಳ್ಳಗಿನದು ಹಾಕುತ್ತಿದ್ದರು. ಎದೆ, ಕಾಲು, ಕಿವಿ ಎಲ್ಲ ಬೆಚ್ಚಗೆ, ಕೈ ಎರಡೂ ಸತ್ತಿದ್ದವು. ಜೋಳದ ಕಾಳು ಕೊಟ್ಟೆ. ಎತ್ತಲಾಗಲಿಲ್ಲ. ಒಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತರು. ಮತ್ತೆ ಎತ್ತಿದರು, ಬಿತ್ತು. ಮೂರನೇ ಸಲಕ್ಕೆ ಕೈ ಎಚ್ಚರಾಯಿತು. ಎದ್ದು ಹೋಗಿ ಎಮ್ಮೆಯೊಳಗೆ ಕೈ ಹಾಕಿದರು. ಬಹಳ ಹೊತ್ತು ನೋಡಿದರು. ಕೈ ಹೊರಗೆ ತೆಗೆದರು.

"ಹೊತ್ತು ಮೀರೇತ್ರಿ. ಬಾಯಿ ಮುಚ್ಚೈತಿ."

ನನ್ನ ಮಗ ಹಗ್ಗ ಹಿಡಿದು ನಿಂತಿದ್ದ. "ಬಂದೀರಿ, ಹಾಕಿಬಿಡ್ರಿ. ಹತ್ತಿದ್ರ ಹತ್ತೀತು."

"ಈಗ ಹಾಕಿದ್ರ ಹಳ್ಳಕ್ಕ ಹಾಕಿದಂಗ. ಹಾಕೇನಂತ ನಾ ಬುಕ್ಕಿನ್ಯಾಗ ಬರೀಬೌದು. ಎಮ್ಮಿ ಓದಂಗಿಲ್ಲ ಅದನ್ನ."

"ಮತ್ತ ಮೊದಲ ಬರಬೇಕಿತ್ತಿಲ್ರಿ?"

"ಬರಬೇಕಿತ್ತು. ಕೈ ಸತ್ತು ದಾರ್ಯಾಗ ನಾಕು ಸಲ ನಿಂತೆ. ತಪ್ಪು ನಂದು. ಇಪ್ಪತ್ತೊಂದ ದಿನಕ್ಕ ತಿರಗಿ ಬೆದಿಗಿ ಬರತೈತಿ, ಅವತ್ತ ಹೊತ್ತಿಗಿ ಸರಿಯಾಗಿ ಬರ್ತೇನಿ."

"ಇಪ್ಪತ್ತೊಂದs. ಅವತ್ತ ನಿಲ್ಲಲಿಲ್ಲಂದ್ರ ಮರುವಾರ ಮುಧೋಳ ಸಂತಿ" ಅಂದ ಮಗ. ಅವರಿಗೆ ಅಂದನೋ ನನಗೆ ಅಂದನೋ, ಇಬ್ಬರಿಗೂ ಕೇಳಿಸಿತು.

ನನಗೂ ಸಿಟ್ಟು ಬಂದಿತ್ತು. ಸುಳ್ಳಲ್ಲ. ಆದರೆ ಅವರು ಗಾಡಿ ಹತ್ತಿ ಹೋದಮೇಲೆ ಯೋಚನೆ ಮಾಡಿದೆ. ಬೇರೆ ಯಾರಾದರೂ ಆಗಿದ್ದರೆ ಆ ಕೊಳವೆ ತೂರಿಸಿ, ಬುಕ್ಕು ತುಂಬಿಸಿ, ಚಹಾ ಕುಡಿದು ಹೋಗುತ್ತಿದ್ದರು. ನಾವು ಇಪ್ಪತ್ತೊಂದು ದಿನ ನಿಂತಿತು ನಿಂತಿತು ಎಂದು ಕಾಯುತ್ತಿದ್ದೆವು. ಈ ಮನುಷ್ಯನಿಗೆ ಬರಲಿಕ್ಕೆ ಮನಸ್ಸಿದೆ, ಕೆಲಸ ಬರುತ್ತದೆ, ಸುಳ್ಳು ಬರುವುದಿಲ್ಲ. ಕೊರತೆ ಇರುವುದು ಎರಡು ಕೈಗೆ. ಕೈ ಮುಚ್ಚುವುದು ನನಗೆ ಬರುತ್ತದೆ.

ನಮ್ಮದು ಕುರಿ ಕಾಯುವ ಕುಲ. ನನ್ನ ತವರಿನಲ್ಲಿ ಕಂಬಳಿ ನೇಯುತ್ತಿದ್ದರು. ನೇಯ್ದಾದ ಮೇಲೆ ಹುಣಸೆ ಬೀಜದ ಗಂಜಿ ಕುದಿಸಿ ಕುಂಚದಿಂದ ಕಂಬಳಿಗೆ ಹಚ್ಚುತ್ತಾರೆ. ಒಣಗಿದರೆ ಹಲಗೆಯ ಹಾಗೆ. ಮಳೆ ಬಿದ್ದರೆ ಜಾರುತ್ತದೆ, ಗಾಳಿ ಹಾಯುವುದಿಲ್ಲ. ನೆಲದ ಮೇಲೆ ನಿಲ್ಲಿಸಿದರೆ ತಾನೇ ನಿಲ್ಲಬೇಕು, ಅದು ನಮ್ಮಪ್ಪ ಕಂಬಳಿ ನೋಡುವ ರೀತಿ. ನಾನು ಹಳೇ ಕಂಬಳಿ ತೆಗೆದು ಎರಡು ಪದರು ಮಾಡಿ ಹ್ಯಾಂಡಲಿಗೆ ಹಾಕುವ ಎರಡು ಟೊಪ್ಪಿಗೆ ಹೊಲಿದೆ. ಕೈಗವಸಲ್ಲ. ಹ್ಯಾಂಡಲಿನ ತುದಿ, ಬ್ರೇಕು, ಕ್ಲಚ್ಚು ಎಲ್ಲವನ್ನೂ ಮುಚ್ಚುವಂಥದ್ದು, ಹಿಂದಿನಿಂದ ಕೈ ತೂರಿಸುವುದು. ದಬ್ಬಣದಲ್ಲಿ ಬಿಗಿಯಾಗಿ ಹೊಲಿದು ಮೇಲೆ ಹುಣಸೆ ಬೀಜದ ಗಂಜಿ ಎರಡು ಸಲ ಹಚ್ಚಿ ಬಿಸಿಲಿಗಿಟ್ಟೆ. ಕಟ್ಟೆಯ ಮೇಲೆ ನಿಲ್ಲಿಸಿದೆ. ನಿಂತವು. ನನಗೆ ನನ್ನ ಕೈಯ ಮೇಲೆ ಬಹಳ ಭರವಸೆ ಬಂತು.

ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಆ ವಾರವೇ ಬಂದರು. ತೋರಿಸಿದೆ. ತಿರುವಿ ನೋಡಿದರು, ಬಡಿದು ನೋಡಿದರು, ಮೂಸಿಯೂ ನೋಡಿದರು.

"ಏನ್ರಿ ಯವ್ವಾ ಇದು, ಚುಚ್ಚತೈತಿ. ನಮ್ಮ ಬನಹಟ್ಟಿ ಹತ್ತಿ ಆಗಿದ್ರ ಮೆತ್ತಗಿರ್ತಿತ್ತು."

"ನಿಮ್ಮ ಹತ್ತಿ ಸೀರಿಗಿ ಛಲೋ ಐತಿ. ಗಾಳಿಗಿ ಉಣ್ಣಿನs ಬೇಕು."

"ಬಾಯಿ ಸಣ್ಣದಾತಲ್ರಿ? ಕೈ ಹೊಗತೈತಿ ಖರೆ, ಹೊರಗ ಬರೂದು ಕಷ್ಟ ಐತಿ."

"ಬಾಯಿ ದೊಡ್ಡದು ಬಿಟ್ರ ಗಾಳಿ ಹೊಕ್ಕತೈತ್ರಿ. ಕೈ ಯಾಕ ಹೊರಗ ತಗೀತೀರಿ, ಗಾಡಿ ಹೊಡೀರಿ ಸುಮ್ನ."

"ನೋಡೂಣು" ಅಂದರು.

ಬಾಯಿ ಸಣ್ಣದು ಅಂದ ಮಾತನ್ನು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಕುರಿ ಹಿಂದೆ ನಿಂತವನಿಗೆ ಬೇಕಾದ ಬಟ್ಟೆಯನ್ನು ಗಾಡಿ ಮೇಲೆ ಕೂತವನಿಗೆ ಹೊಲಿದಿದ್ದೆ. ಕುರಿ ಕಾಯುವವನಿಗೆ ಬ್ರೇಕು ಇಲ್ಲ, ಕ್ಲಚ್ಚು ಇಲ್ಲ.

ಇಪ್ಪತ್ತು ದಿನಕ್ಕೇ ಎಮ್ಮೆ ಮತ್ತೆ ಒರಲಿತು, ಸಂಜೆಯೇ. ಫೋನ್ ಹೋಯಿತು. ಮುಂಜಾನೆ ಮಂಜು ಹಿಂದಿನ ಸಲಕ್ಕಿಂತ ದಪ್ಪಗಿತ್ತು. ಹೊತ್ತು ಹುಟ್ಟಿತು. ಗಾಡಿಯ ಸಪ್ಪಳ ಇಲ್ಲ. ಮಗ ಹಲ್ಲುಜ್ಜುತ್ತಾ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲುವೆಯ ದಂಡೆಯ ಮೇಲೆ ಅವರು ಕಂಡರು. ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಒಂದು ಕಾಲು ಎಳೆಯುತ್ತಿದ್ದರು. ಪ್ಯಾಂಟು ಮೊಣಕಾಲಿನಲ್ಲಿ ಹರಿದು, ಕಟ್ಟಿದ ಪೇಪರು ಕೆಂಪಗೆ ಹೊರಗೆ ಬಂದಿತ್ತು. ಕೈ ಎರಡೂ ನಾನು ಹೊಲಿದ ಟೊಪ್ಪಿಗೆಯ ಒಳಗೇ ಇದ್ದವು.

ಆಗಿದ್ದು ಇಷ್ಟು. ಗಾಡಿ ಜೋರು ಹೋದಾಗ ಗಾಳಿ ಆ ಬಿರುಸು ಕಂಬಳಿಯನ್ನು ಒತ್ತಿ ಕ್ಲಚ್ಚಿನ ಮೇಲೆ ಕೂರಿಸಿತ್ತು. ಗಾಡಿ ಎಳೆಯಲೊಲ್ಲದು. ಕಾಲುವೆಯ ಸೇತುವೆ ಹತ್ತಿರ ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು. ಇವರು ಪಕ್ಕಕ್ಕೆ ಇಳಿಸಿದರು. ಇಳಿಸುವಾಗ ಹಿಂದಿನ ಕ್ಯಾನು ಜಾರಿತು ಅನ್ನಿಸಿ ಹಿಡಿಯಲು ಎಡಗೈ ತೆಗೆಯಹೋದರು. ಕೈ ಬರಲಿಲ್ಲ. ನನ್ನ ಸಣ್ಣ ಬಾಯಿ ಮುಷ್ಟಿಯನ್ನು ಹಿಡಿದುಕೊಂಡಿತ್ತು. ಕೈ ಕಟ್ಟಿಹಾಕಿದವರ ಹಾಗೆ ಗಾಡಿಯ ಜೊತೆಗೇ ದಂಡೆಯ ಮೇಲೆ ಬಿದ್ದರು. ಆಮೇಲೆ ಗಾಡಿ ಚಾಲೂ ಆಗಲಿಲ್ಲ.

"ಕ್ಯಾನ?" ಅಂತ ಕೇಳಿದ್ದು ನನ್ನ ಮಗ. ಮನುಷ್ಯನನ್ನು ಕೇಳಲಿಲ್ಲ.

"ಕ್ಯಾನ ಮ್ಯಾಲ ಬಿತ್ತು, ನಾ ಕೆಳಗ. ಅದಕ್ಕೇನೂ ಆಗಿಲ್ಲ. ಮುಚ್ಚಳ ಗಟ್ಟಿ ಐತಿ."

"ಇಷ್ಟು ದೂರ ತಳ್ಕೊಂಡ ಬಂದ್ರೇನ್ರಿ? ಫೋನ್ ಮಾಡಿದ್ರ ನಾ ಬರ್ತಿದ್ನಿ."

"ಫೋನ್ ಮಾಡಾಕ ಕೈ ಹೊರಗ ತಗೀಬೇಕು. ತಗದ್ರ ತಣ್ಣಗ ಆಕ್ಕಾವು." ಆಮೇಲೆ ನನ್ನ ಕಡೆ ತಿರುಗಿ, "ಕೈ ಬೆಚ್ಚಗದಾವ್ರಿ ಯವ್ವಾ. ಕಾಳು ಕೊಡ್ರಿ" ಅಂದರು.

ನನಗೆ ಏನು ಅನ್ನಿಸಿತೋ, ಜೋಳ ಕೊಡಲಿಲ್ಲ. ಕುಸುಬಿಯ ಕಾಳು ಒಂದು ನೆಲದ ಮೇಲೆ ಇಟ್ಟೆ. ಕಣ್ಣು ಮುಚ್ಚಿ ಎತ್ತಿದರು.

"ಇದು ಜ್ವಾಳ ಅಲ್ಲ. ಕುಸುಬಿ. ನನ್ನ ಪರೀಕ್ಷಾ ಮಾಡಾಕತ್ತೀರೇನು?"

"ಕೈ ಎಚ್ಚರ ಅದಾವ, ಹೋಗ್ರಿ" ಅಂದೆ.

ಮೊಣಕಾಲು ತೊಳೆಯೋಣ ಅಂದರೆ ಬೇಡ ಅಂದರು, ಮೊದಲು ಎಮ್ಮೆ. ಕ್ಯಾನಿನಿಂದ ಚಿಮಟದಲ್ಲಿ ಬೀಜ ತುಂಬಿದ ಸಣ್ಣ ಕಡ್ಡಿ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟರು. ಒರೆಸಿ ಕೊಳವೆಗೆ ಹಾಕಿ, ಆ ಕೊಳವೆಯನ್ನು ಬನಿಯನ್ನಿನೊಳಗೆ ಎದೆಗೆ ಹಚ್ಚಿ ಇಟ್ಟುಕೊಂಡರು, ಅದಕ್ಕೂ ಚಳಿ ತಾಗಬಾರದು. ಆಮೇಲೆ ಕೈ ಒಳಗೆ ಹೋಯಿತು. ಎಮ್ಮೆ ಒಮ್ಮೆ ಬೆನ್ನು ಬಗ್ಗಿಸಿ ನಿಂತಿತು. ಇವರ ಮುಖ ಗೋಡೆಯ ಕಡೆ, ಕಣ್ಣು ಮುಚ್ಚಿತ್ತು. ಕಾಲಿನಿಂದ ರಕ್ತ ಬೂಟಿಗೆ ಇಳಿಯುತ್ತಿತ್ತು, ಅದರ ಕಡೆ ಗಮನವಿಲ್ಲ. ತುಟಿ ಮಾತ್ರ ಸ್ವಲ್ಪ ಅಲ್ಲಾಡುತ್ತಿತ್ತು, ಯಾರ ಜೊತೆಗೋ ಸಣ್ಣಗೆ ಮಾತಾಡಿದ ಹಾಗೆ. ಆತು ಅಂದರು.

ಸೊಸೆ ಅರಿಸಿಣ ಹಚ್ಚಿ ಕಟ್ಟಿದಳು. ಅವರು ಕಟ್ಟೆಯ ಮೇಲೆ ಕಾಲು ನೀಡಿಕೊಂಡು ಕೂತು ನನ್ನ ಟೊಪ್ಪಿಗೆ ಕೈಯಲ್ಲಿ ಹಿಡಿದು, ಇಲ್ಲಿ ಒತ್ತಿತು, ಇಲ್ಲಿ ಹಿಡಿಯಿತು ಎಂದು ತೋರಿಸಿದರು. ಒಂದು ಬೈಗುಳ ಇಲ್ಲ. ಸಗಣಿಗೆ ಅಷ್ಟು ಬೈಯುವವರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಒಳಗೆ ಹೋಗಿ ಕತ್ತರಿ ತಂದೆ.

ಹೊಲಿಗೆ ಬಿಚ್ಚಿದೆ. ಕಂಬಳಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಲ್ಲಿಗೆ ಬಡಿದು ಗಂಜಿ ಪೂರ್ತಿ ತೆಗೆದೆ. ಅಪ್ಪ ನೋಡಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದ. ಬಾಯಿ ಎರಡು ಮುಷ್ಟಿ ಹಿಡಿಯುವಷ್ಟು ಅಗಲ ಬಿಟ್ಟೆ. ಅವರು ಒಡೆದ ಬಕೇಟಿನ ಹಿಡಿಕೆಯ ತಂತಿ ಕೇಳಿ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮುಂದುಗಡೆ ಕೂರಿಸಿದರು, ಗಾಳಿ ಒತ್ತಿದರೂ ಕಂಬಳಿ ಕ್ಲಚ್ಚಿಗೆ ತಾಗದ ಹಾಗೆ. ಒಳಗೆ ಅವರ ತೋಳಿಲ್ಲದ ಅಂಗಿಯ ಒಂದು ಮೂಲೆ ಬಿಚ್ಚಿ ನೂಲಿನ ಚೂರು ತೆಗೆದು ತುಂಬಿದೆವು.

"ಹೆಂಡ್ತಿ ಕೇಳಿದ್ರ ಏನ್ ಹೇಳ್ತೀರಿ?" ಅಂದೆ.

"ಎಮ್ಮಿ ತಿಂತು ಅಂತೇನಿ."

ಸುಳ್ಳು ಬರುವುದಿಲ್ಲ ಅಂದೆನಲ್ಲ, ಹೆಂಡತಿಯ ಹತ್ತಿರ ಬರುತ್ತಿತ್ತು.

ಆ ಟೊಪ್ಪಿಗೆ ಅವರ ಗಾಡಿಯಲ್ಲಿ ನಾಲ್ಕು ಚಳಿಗಾಲ ಇತ್ತು. ಹಾಲು ಒಯ್ಯುವ ಇಬ್ಬರು ಅದನ್ನು ನೋಡಿ ನನ್ನ ಹತ್ತಿರ ಬಂದು ಹೊಲಿಸಿಕೊಂಡರು. ಆಮೇಲೆ ನಮ್ಮ ಡಾಕ್ಟರಿಗೆ ಬೀಳಗಿ ಕಡೆ ವರ್ಗ ಆಯಿತು, ಅಲ್ಲಿಂದಲೇ ರಿಟೈರ್ ಆದರು. ಮೊಣಕಾಲು ಮಾತ್ರ ಪೂರ್ತಿ ಸರಿಯಾಗಲಿಲ್ಲ. ಒಮ್ಮೆ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಿದ್ದರು, ಕಿಟಕಿ ಮುಚ್ಚಲಿಲ್ಲ ಎಂದು ಹಿಂದಿನ ಸೀಟಿನವನ ಜೊತೆ ಜಮಖಂಡಿ ಬರುವ ತನಕ ಜಗಳ ಮಾಡಿಕೊಂಡು. ಕಾಲು ನೋವೇನ್ರಿ ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ಎಮ್ಮೆಯ ಮಾತಿಗೆ ಬರುತ್ತೇನೆ. ಸೂಜಿ ಹಾಕಿದ ಮೇಲೆ ಇಪ್ಪತ್ತೊಂದನೇ ದಿನ ನಾನು ಬೇವಿನ ಗಿಡದ ಕೆಳಗೇ ಕೂತಿದ್ದೆ. ಅದು ಒರಲಲಿಲ್ಲ. ಎಮ್ಮೆ ಸುಮ್ಮನೆ ಇದ್ದರೂ ನಂಬಲಾಗುವುದಿಲ್ಲ, ಕೆಲವು ಸಪ್ಪಳ ಇಲ್ಲದೆ ಬೆದೆಗೆ ಬಂದು ಹೋಗುತ್ತವೆ. ಒಬ್ಬ ದಲಾಲ ಬಂದು ಎಮ್ಮೆಯ ಬೆನ್ನ ಮೇಲೆ ಕೈಯಾಡಿಸಿದ. ಮಗ ನನ್ನನ್ನು ನೋಡಿದ.

"ಮೂರು ತಿಂಗಳ ಆಗ್ಲಿ. ಡಾಕ್ಟರ ಬಂದು ಕೈ ಹಾಕಿ ನೋಡ್ಲಿ" ಅಂದೆ.

"ಅಲ್ಲೀತನಾ ಮೇವು ಯಾರ ಹಾಕ್ತಾರ ಬೇ?"

"ನಾ ಹಾಕ್ತೇನಿ. ನಿನಗೂ ನಾನs ಹಾಕಿ ಬೆಳಸೇನಿ, ಅದಕ್ಕೂ ಹಾಕ್ತೇನಿ."

ಹಾಕಿದೆ. ಸೋಗೆ ಹೊತ್ತು ತಂದೆ. ಹಿಂಡಿಯ ಚೀಲಕ್ಕೆ ಮಗ ಕೈ ಹಚ್ಚಗೊಡಲಿಲ್ಲ, ಅದು ಹಾಲು ಕೊಡುವವಕ್ಕೆ ಅಂದ. ಸೊಸೆ ಅವನು ಇಲ್ಲದಾಗ ಒಂದು ಹಿಡಿ ತಂದು ಹಾಕುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಮೂರು ತಿಂಗಳು ತುಂಬಿದ ಮೇಲೆ ಬಂದರು. ಬಿಸಿಲು ಏರಿತ್ತು, ಪೇಪರು ಇರಲಿಲ್ಲ, ಬರೀ ಅಂಗಿ. ಹಾಗೆ ನೋಡಿದರೆ ಅವರು ಎಷ್ಟು ತೆಳ್ಳಗಿನ ಮನುಷ್ಯ ಎಂದು ಅವತ್ತು ತಿಳಿಯಿತು. ಕೈ ತೊಳೆದು ಬೇವಿನ ಗಿಡದ ಹತ್ತಿರ ಹೋದರು. ಮಗ ಮೂಗುದಾರ ಹಿಡಿದ. ನಾನು ಈಚೆ ನಿಂತೆ. ಕೈ ಒಳಗೆ ಹೋಯಿತು, ಕಣ್ಣು ಮುಚ್ಚಿತು. ತುಟಿ ಅಲ್ಲಾಡಿತು. ಒಂದು ಕಡೆ ನೋಡಿದರು, ಇನ್ನೊಂದು ಕಡೆ ನೋಡಿದರು. ನಾನು ಸೆರಗಿನ ತುದಿ ಕಚ್ಚಿಕೊಂಡಿದ್ದೆ.

"ಐತಿ" ಅಂದರು.

"ಖರೇನ್ರಿ?" ಅಂದ ಮಗ.

"ಸುಳ್ಳ ಹೇಳೂದಿದ್ರ ಮೊದಲನೇ ದಿನಾನs ಹೇಳ್ತಿದ್ನಿ. ಮೊಣಕಾಲು ಉಳೀತಿತ್ತು."

ನನ್ನ ಮಗ ಹಗ್ಗ ಬಿಚ್ಚಿ ಎಮ್ಮೆಯನ್ನು ದನದ ಮನೆಗೆ ಹೊಡೆದುಕೊಂಡು ಹೋಗಿ ಅದರ ಹಳೇ ಗೂಟಕ್ಕೆ ಕಟ್ಟಿದ. ಒಳಗೆ ಹೋಗಿ ಬುಟ್ಟಿ ತುಂಬ ಹಿಂಡಿ ತಂದು ಮುಂದಿಟ್ಟ. ಇಟ್ಟವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತ, ಅದು ತಿನ್ನುವುದನ್ನು ನೋಡುತ್ತಾ.

ಅವರು ತೊಟ್ಟಿಯ ಹತ್ತಿರ ಸಾಬೂನು ಹಚ್ಚಿ ಮೊಣಕೈ ತನಕ ತೊಳೆದುಕೊಳ್ಳುತ್ತಿದ್ದರು. ಅಲ್ಲಿಂದಲೇ ಅಂದರು:

"ಇಷ್ಟು ಹಿಂಡಿ ಹೋದ ವರ್ಷ ಹಾಕಿದ್ರ ಅದು ಯಾವಾಗೋ ನಿಂತಿರ್ತಿತ್ತು. ನಾ ಬೀಳೂದ ಬೇಕಾಗಿರಲಿಲ್ಲ."

ಮಗ ತಲೆ ಎತ್ತಲಿಲ್ಲ. ನಾನೂ ಅವನ ಪರವಾಗಿ ಒಂದು ಮಾತು ಆಡಲಿಲ್ಲ.